ಎಲೆ ಹುಟ್ಟಬೇಕಾದರೆ ಯಾರು ಸುಮ್ಮನಿರಬೇಕು?

(ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಊರಿನ ಹೈಸ್ಕೂಲಿನಲ್ಲಿ, ಮಳೆಗಾಲದ ಒಂದು ಭಾನುವಾರ, ಮಕ್ಕಳ ಎದುರೂ ತೋಟದವರ ಎದುರೂ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೆಂಚಿನ ಮೇಲೆ ಮಳೆ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ದಯವಿಟ್ಟು ಮುಂದೆ ಬನ್ನಿ.

ಬೋರ್ಡಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಎಲೆ ತೂಗುಹಾಕಿದ್ದೇನೆ, ನೋಡಿ. ಕಾಡುಬಸಳೆ ಎಲೆ. ಮೂರು ವಾರದ ಹಿಂದೆ ನಮ್ಮ ಹಿತ್ತಲಲ್ಲಿ ಕಿತ್ತದ್ದು. ಮಣ್ಣು ಕೊಟ್ಟಿಲ್ಲ, ನೀರು ಹಾಕಿಲ್ಲ. ಸುಮ್ನೆ ಗೋಡೆಗೆ ತೂಗಿದ್ದೆ. ಈಗ ಅದರ ಅಂಚಿನಲ್ಲಿ ಒಂಬತ್ತು ಮರಿಗಿಡಗಳಿವೆ. ಒಂದೊಂದಕ್ಕೂ ಪುಟಾಣಿ ಎಲೆಗಳು, ಕೆಳಗೆ ಕೂದಲಿನಂಥ ಬೇರು. ಶಾಲೆಗೆ ಹೋಗುವಾಗ ಇದನ್ನು ಪುಸ್ತಕದ ನಡುವೆ ಇಟ್ಟು ದಿನಾ ತೆಗೆದು ನೋಡಿದವರು ಇಲ್ಲಿ ಎಷ್ಟು ಜನ? ಅರ್ಧಕ್ಕರ್ಧ ಇದ್ದೀರಿ.

ಒಂದು ಎಲೆಗೆ ಗಿಡವಾಗುವುದು ಗೊತ್ತಿದೆ ಅಂತಾಯಿತು. ಹಾಗಾದರೆ ಹಲಸಿನ ಎಲೆ, ವೀಳ್ಯದೆಲೆ, ಬಾಳೆ ಎಲೆ ಯಾಕೆ ಹೀಗೆ ಮರಿ ಹಾಕುವುದಿಲ್ಲ? ಅವುಗಳ ಜೀವಕೋಶದಲ್ಲೂ ಇಡೀ ಗಿಡ ಕಟ್ಟಲು ಬೇಕಾದ ಜೀನ್‌ಗಳೆಲ್ಲ ಇವೆ. ಒಂದೂ ಕಳೆದುಹೋಗಿಲ್ಲ. ಎಲೆಯ ಕೋಶದಲ್ಲಿ ಇರುವುದೇ ಬೇರಿನ ಕೋಶದಲ್ಲೂ ಇದೆ, ಹೂವಿನ ಕೋಶದಲ್ಲೂ ಇದೆ. ವ್ಯತ್ಯಾಸ ಎಲ್ಲಿದೆ ಅಂದರೆ, ಯಾವ ಜೀನ್ ಈಗ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂಬುದರಲ್ಲಿ.

ಸೊರಬ, ಶಿಕಾರಿಪುರದ ಕಡೆ ಕೆರೆಯ ಕೆಳಗೆ ಗದ್ದೆ ಇರುವವರಿಗೆ ತೂಬು ಗೊತ್ತು, ನೀರುಗಂಟಿ ಗೊತ್ತು. ನೀರುಗಂಟಿ ತಾನೇ ಬೆಳೆ ಬೆಳೆಯುವುದಿಲ್ಲ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು, ಅಷ್ಟನ್ನೇ ನೋಡುತ್ತಾನೆ. ಜೀನ್‌ಗಳಲ್ಲೂ ಕೆಲವು ಹೀಗೆ. ಅವು ಮಾಡಿಸುವ ಪ್ರೋಟೀನಿಗೆ ಬೇರೆ ಜೀನ್‌ಗಳ ತೂಬು ತೆಗೆಯುವುದು, ಮುಚ್ಚುವುದು, ಅದೇ ಕೆಲಸ. ಇವತ್ತು ನಾನು ಮಾತಾಡುವುದು ಹೆಚ್ಚು ಕಮ್ಮಿ ಈ ನೀರುಗಂಟಿ ಜೀನ್‌ಗಳ ಬಗ್ಗೆಯೇ.

ಪಾಠದ ಪುಸ್ತಕಗಳಲ್ಲಿ ಜೀನ್‌ಗಳನ್ನು ‘ನೀಲನಕ್ಷೆ’ ಎನ್ನುತ್ತಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ನಕ್ಷೆಯಲ್ಲಿ ಮನೆಯ ಚಿತ್ರ ಇರುತ್ತದೆ. ಜೀನ್‌ಗಳ ಸಾಲಿನಲ್ಲಿ ಎಲ್ಲಿ ಹುಡುಕಿದರೂ ಎಲೆಯ ಚಿತ್ರ ಇಲ್ಲ. ‘ಇಲ್ಲಿ ಬಿಡು, ಅಲ್ಲಿ ಮುಚ್ಚು’ ಎಂಬ ಮಾತುಗಳು ಮಾತ್ರ ಇವೆ. ಆ ಎರಡು ಮಾತುಗಳಿಂದಲೇ ಬಾಳೆ ಎಲೆಯೂ ಆಗುತ್ತದೆ, ನುಗ್ಗೆ ಸೊಪ್ಪೂ ಆಗುತ್ತದೆ. ನನಗೆ ಇದು ಇವತ್ತಿಗೂ ಬೆರಗು.

ಈಗ ಕುಡಿಗೆ ಬರೋಣ. ಯಾವುದೇ ಗಿಡದ ಚಿಗುರನ್ನು ಬಿಡಿಸುತ್ತಾ ಹೋದರೆ ಕೊನೆಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಬ್ಬಿ ಉಳಿಯುತ್ತದೆ. ಅಲ್ಲಿನ ಕೋಶಗಳು ಯಾವತ್ತೂ ಎಳೆಯವು. ಗಿಡದ ಮೇಲುಭಾಗ ಪೂರ್ತಿ ಹುಟ್ಟುವುದು ಅಲ್ಲಿಂದ. ಈ ವಿಷಯವನ್ನು ವಿಜ್ಞಾನಿಗಳು ಜಾಸ್ತಿ ಕಲಿತದ್ದು ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಿಂದ. ಸಾಸಿವೆಯ ನೆಂಟ. ಬೀಜದಿಂದ ಬೀಜಕ್ಕೆ ಸುಮಾರು ಆರು ವಾರ ಸಾಕು. ಗಿಡಗಳಲ್ಲಿ ಮೊದಲು ಇಡೀ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಸಾಲು, ಓದಿದ್ದು ಇದರದ್ದೇ, 2000ರಲ್ಲಿ. ಪ್ರೋಟೀನ್ ಮಾಡಿಸುವ ಜೀನ್‌ಗಳು ಸುಮಾರು 27,000.

ಆ ಕುಡಿಯ ಗುಬ್ಬಿಯನ್ನು ಎಳೆಯದಾಗಿ ಇಡುವ ನೀರುಗಂಟಿಯ ಹೆಸರು ಶೂಟ್ ಮೆರಿಸ್ಟೆಮ್‌ಲೆಸ್. ಉದ್ದ ಹೆಸರು. ನಾನು ಎಸ್‌ಟಿಎಂ ಅನ್ನುತ್ತೇನೆ. ‘ಕುಡಿ ಇಲ್ಲದ್ದು’ ಎಂದು ಅದರ ಅರ್ಥ. ಕುಡಿ ಕಾಪಾಡುವ ಜೀನಿಗೆ ಕುಡಿ ಇಲ್ಲದ್ದು ಎಂಬ ಹೆಸರು ಯಾಕೆ? ಈ ಗಿಡದಲ್ಲಿ ಎಷ್ಟೋ ಜೀನ್‌ಗಳಿಗೆ ಹೆಸರಿಟ್ಟದ್ದು ಅವು ಕೆಟ್ಟಾಗ ಕಂಡ ಊನ ನೋಡಿ. ಈ ಜೀನ್ ಕೆಟ್ಟ ಸಸಿ ಎರಡು ಬೀಜದೆಲೆ ಬಿಟ್ಟು ನಿಂತುಬಿಡುತ್ತದೆ. ಮುಂದೆ ಕುಡಿಯೇ ಇಲ್ಲ.

ಎಲೆ ಶುರುವಾಗುವುದು ಹೇಗೆ? ನನಗೆ ತುಂಬ ಇಷ್ಟದ ಭಾಗ ಇದು. ಗುಬ್ಬಿಯ ಪಕ್ಕದಲ್ಲಿ ಒಂದು ಕಡೆ ಆಕ್ಸಿನ್ ಎಂಬ ಹಾರ್ಮೋನು ಕೂಡಿಕೊಳ್ಳುತ್ತದೆ. ಅಲ್ಲಿ, ಎಲೆಯ ಉಬ್ಬು ಕಾಣುವುದಕ್ಕೂ ಮೊದಲೇ, ಎಸ್‌ಟಿಎಂ ಸುಮ್ಮನಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಜೀನಿಗೆ ಬಣ್ಣ ಕೊಟ್ಟು ನೋಡಿದರೆ ಗುಬ್ಬಿಯೆಲ್ಲ ಬಣ್ಣ. ಒಂದು ಜಾಗದಲ್ಲಿ ಮಾತ್ರ ಖಾಲಿ. ಆ ಖಾಲಿ ಜಾಗವೇ ನಾಳೆಯ ಎಲೆ. ಆಕ್ಸಿನ್ ಹರಿಯದಂತೆ ತಡೆದರೆ ಟೊಮೆಟೊ ಕುಡಿ ಬೋಳು ಕಡ್ಡಿಯಾಗಿ ಉದ್ದ ಆಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂಥ ಬೋಳು ಕಡ್ಡಿಯ ಪಕ್ಕಕ್ಕೆ ಆಕ್ಸಿನ್ ಒಂದು ಬೊಟ್ಟು ಇಟ್ಟರು. ಇಟ್ಟ ಜಾಗದಲ್ಲೇ ಎಲೆ ಎದ್ದಿತು. ಅದು 2000ರಲ್ಲಿ ಪ್ರಕಟವಾಯಿತು. ಒಂದು ಎಲೆ ಹುಟ್ಟಿದ ಮೇಲೆ ಅದು ಸುತ್ತಲ ಆಕ್ಸಿನ್ ಎಳೆದುಕೊಳ್ಳುತ್ತದೆ. ಮುಂದಿನ ಎಲೆಗೆ ದೂರದಲ್ಲೇ ಜಾಗ ಸಿಗಬೇಕು. ಬಹಳಷ್ಟು ಗಿಡಗಳಲ್ಲಿ ಒಂದು ಎಲೆಗೂ ಮುಂದಿನದಕ್ಕೂ ನಡುವೆ ಸುಮಾರು 137.5 ಡಿಗ್ರಿ ಬರುವುದಕ್ಕೆ ಕಾರಣ ಹೀಗೆ ಒಬ್ಬರಿಗೊಬ್ಬರು ಜಾಗ ಬಿಡುವುದೇ. ಯಾರೂ ಕೋನಮಾಪಕ ಹಿಡಿದು ಅಳೆದಿಲ್ಲ.

ಸುಮ್ಮನಾದ ಜೀನನ್ನು ಸುಮ್ಮನೇ ಇರಿಸುವುದಕ್ಕೂ ಒಬ್ಬರು ಬೇಕು. ಎಲೆಯೊಳಗೆ ಬೇರೆ ನೀರುಗಂಟಿಗಳು ಕೂತು ಎಸ್‌ಟಿಎಂ ಮನೆತನದ ತೂಬುಗಳನ್ನು ಮುಚ್ಚಿ ಹಿಡಿಯುತ್ತಾರೆ. ಬಿಟ್ಟರೆ ಏನಾಗುತ್ತದೆ? ಮೆಕ್ಕೆಜೋಳದಲ್ಲಿ ನಾಟೆಡ್ ಎಂಬ ಗಿಡ ಇದೆ. ಅದರ ಎಲೆಯ ನರಗಳ ಮೇಲೆ ಗಂಟು ಗಂಟು. ಕುಡಿಯಲ್ಲಿ ಇರಬೇಕಾದ ಜೀನ್ ಎಲೆಯಲ್ಲೂ ನಡೆಯುತ್ತಿತ್ತು. 1989ರಲ್ಲಿ ಸಾರಾ ಹೇಕ್ ಮತ್ತು ಜತೆಗಾರರು ಆ ಜೀನನ್ನು ಹಿಡಿದರು. ಆದರೆ ಟೊಮೆಟೊ ಗಿಡ ಇದೇ ತೂಬನ್ನು ಎಲೆಯಲ್ಲಿ ಮತ್ತೆ ಸ್ವಲ್ಪ ತೆಗೆಯುತ್ತದೆ. ಹಾಗಾಗಿ ಅದರ ಎಲೆ ಇನ್ನೂ ಸ್ವಲ್ಪ ಹೊತ್ತು ಕುಡಿಯ ಹಾಗೆ ವರ್ತಿಸಿ ಪಕ್ಕದಲ್ಲಿ ಕಿರುಎಲೆಗಳನ್ನು ಬಿಡುತ್ತದೆ. ಟೊಮೆಟೊದಲ್ಲಿ ಈ ಜೀನನ್ನು ಅತಿಯಾಗಿ ನಡೆಸಿ ನೋಡಿದರು. ಒಂದೇ ಎಲೆಯಲ್ಲಿ ನೂರಾರು ಕಿರುಎಲೆ ಬಂದವು.

ಅಡಿಕೆ ಗರಿ ಹೀಗಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೇಳುತ್ತೀರಿ. ತಾಳೆ ಜಾತಿಯ ಗರಿ ಮೊದಲು ಒಂದೇ ಎಲೆಯಾಗಿ ಮಡಿಕೆ ಮಡಿಕೆಯಾಗಿ ಬೆಳೆದು ಆಮೇಲೆ ಮಡಿಕೆಗುಂಟ ಬಿಡಿಸಿಕೊಳ್ಳುತ್ತದೆ. ಅಡಿಕೆ ಸಸಿಯ ಮೊದಲ ಎಲೆ ನೆನಪಿಸಿಕೊಳ್ಳಿ. ತುದಿಯಲ್ಲಿ ಮಾತ್ರ ಎರಡು ಸೀಳು, ಅಲ್ವಾ?

ಇನ್ನು ಎಲೆಯ ಹೊಟ್ಟೆ, ಬೆನ್ನು. ಕವಳ ಹಾಕುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ವೀಳ್ಯದೆಲೆ ಕೈಗೆ ಬಂದ ಕೂಡಲೆ ನಾರು ತೆಗೆದು, ಬೆನ್ನು ಮೇಲೆ ಮಾಡಿ ಸುಣ್ಣ ಹಚ್ಚುತ್ತೀರಿ. ಹೊಟ್ಟೆ ಕಡೆ ನುಣುಪು, ಕಡು ಹಸಿರು, ಬಿಸಿಲು ಹೀರುವ ಕೋಶಗಳು ಒತ್ತಾಗಿ ನಿಂತಿವೆ. ಬೆನ್ನು ಕಡೆ ನರ ಎದ್ದಿದೆ, ಕೋಶಗಳ ನಡುವೆ ಗಾಳಿಗೆ ಜಾಗ ಇದೆ, ಉಸಿರಾಡುವ ರಂಧ್ರಗಳೂ ಅಲ್ಲೇ ಹೆಚ್ಚು. ಎಲೆಗೆ ತನ್ನ ಮೇಲು ಕೆಳಗು ಹೇಗೆ ಗೊತ್ತಾಯಿತು?

1951ರಲ್ಲಿ ಇಯನ್ ಸಸೆಕ್ಸ್ ಎಂಬವರು ಆಲೂಗಡ್ಡೆ ಗಿಡದ ಕುಡಿಯ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಇನ್ನೂ ಹುಟ್ಟುತ್ತಿರುವ ಎಲೆಗೂ ಕುಡಿಯ ಗುಬ್ಬಿಗೂ ನಡುವೆ ಸಣ್ಣ ಬ್ಲೇಡಿನಿಂದ ಒಂದು ಗೀರು ಎಳೆದರು. ಕಣ್ಣಿಗೆ ಕಾಣದಂಥ ಜಾಗದಲ್ಲಿ, ಕೈ ನಡುಗದೆ. ಗೀರು ಬಿದ್ದ ಎಲೆ ಅಗಲ ಆಗಲೇ ಇಲ್ಲ. ಸೂಜಿಯ ಹಾಗೆ ದುಂಡಗೆ ಬೆಳೆಯಿತು, ಸುತ್ತಲೂ ಬೆನ್ನೇ. ಅಂದರೆ ಕುಡಿಯ ಕಡೆಗಿರುವ ಮುಖವೇ ಹೊಟ್ಟೆಯಾಗುವುದು, ಅದು ಕುಡಿಯ ಜತೆ ಸಂಬಂಧ ಇರುವ ತನಕ.

1995ರಲ್ಲಿ ಡಾಗ್‌ಫ್ಲವರ್ ಗಿಡದ ಒಂದು ಊನದಲ್ಲೂ ಇದೇ ಸೂಜಿ ಎಲೆ ಸಿಕ್ಕಿತು. ಆಗ ವೇಯ್ಟ್ಸ್ ಮತ್ತು ಹಡ್ಸನ್ ಎಂಬ ವಿಜ್ಞಾನಿಗಳು ಒಂದು ಮಾತು ಹೇಳಿದರು: ಹೊಟ್ಟೆ ಮತ್ತು ಬೆನ್ನು ಎರಡೂ ಇದ್ದು, ಅವು ಒಂದಕ್ಕೊಂದು ತಾಗುವ ಗೆರೆಯಲ್ಲೇ ಎಲೆ ಅಗಲವಾಗುವುದು. ಬರೀ ಬೆನ್ನಾದರೂ ಸೂಜಿ, ಬರೀ ಹೊಟ್ಟೆಯಾದರೂ ಸೂಜಿ. ಊಟದ ಬಾಳೆ ಎಲೆ ಅಷ್ಟಗಲ ಹರಡಿಕೊಳ್ಳುವುದು ಅದರ ಎರಡು ಮುಖ ಬೇರೆ ಬೇರೆ ಇರುವುದರಿಂದ.

ಬೆನ್ನನ್ನು ಬೆನ್ನಾಗಿಸುವ ಒಂದು ಜೀನ್ 2001ರಲ್ಲಿ ಸಿಕ್ಕಿತು. ಹೆಸರು ಕನಾಡಿ. ನಾನು ಈ ಹೆಸರನ್ನು ಮೊದಲ ಸಲ ಓದಿದಾಗ ಪುಟ ತಿರುಗಿಸದೆ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮ ಕಿವಿಗೆ ಅದು ಕನ್ನಡಿ ಅಂತಲೇ ಕೇಳುತ್ತದೆ, ಅಲ್ವಾ? ಕೆಲಸವೂ ಹಾಗೇ ಇದೆ. ಈ ಜೀನ್ ಮತ್ತು ಇದರ ಅಣ್ಣತಮ್ಮಂದಿರು ಕೆಟ್ಟರೆ ಎಲೆಯ ಬೆನ್ನಿನಲ್ಲೂ ಹೊಟ್ಟೆಯ ಕೋಶಗಳೇ ಬರುತ್ತವೆ. ಮೇಲಿನದು ಕೆಳಗೂ ಕಂಡ ಹಾಗೆ. ಹೊಟ್ಟೆಯ ಕಡೆ ಬೇರೆ ಗುಂಪಿನ ಜೀನ್‌ಗಳಿವೆ. ಅವು ಕನಾಡಿಯನ್ನು ದೂರ ಇಡುತ್ತವೆ, ಕನಾಡಿ ಅವುಗಳನ್ನು ದೂರ ಇಡುತ್ತದೆ. ಬೆನ್ನಿನ ಕಡೆ ಪುಟ್ಟ ಆರ್‌ಎನ್‌ಎ ತುಣುಕುಗಳೂ ಇವೆ. ಆರ್‌ಎನ್‌ಎ ಅಂದರೆ ಜೀನಿನಿಂದ ತೆಗೆದ ನಕಲು, ಜೀನಿನ ಸಂದೇಶ ಹೋಗುವುದೂ ಅದರಲ್ಲೇ. ಹೊಟ್ಟೆಯ ಜೀನ್‌ಗಳಿಂದ ಸಂದೇಶ ಬಂದರೆ ಅದನ್ನು ಅಲ್ಲೇ ಕತ್ತರಿಸಿ ಹಾಕುತ್ತವೆ. ಇಲ್ಲೂ ಅದೇ: ಈ ಕಡೆಯವರು ಮಾತಾಡುವಾಗ ಆ ಕಡೆಯವರು ಸುಮ್ಮನಿರಬೇಕು.

ಅಗಲವಾದ ಮೇಲೆ ನಿಲ್ಲಿಸುವುದೂ ಬೇಕು. ಅಂಚಿನ ಕೋಶಗಳು ಹೊತ್ತು ಮೀರಿ ಹೆಚ್ಚುತ್ತಾ ಹೋದರೆ ಎಲೆ ಸೀರೆಯ ನೆರಿಗೆಯ ಹಾಗೆ ಸುರುಟುತ್ತದೆ. ಆ ನಿಲ್ಲಿಸುವ ಜೀನ್ ಸಿನ್ಸಿನಾಟ. 2003ರಲ್ಲಿ ಇದನ್ನು ತೋರಿಸಿದ ತಂಡದಲ್ಲಿ ಮೊದಲ ಹೆಸರು ಉತ್ಪಲ್ ನಾಥ್ ಅವರದ್ದು. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಎಲೆಗಳ ಮೇಲೆ ಕೆಲಸ ಮುಂದುವರಿಸಿದವರು. ಮಕ್ಕಳೇ, ಇಂಥ ಕೆಲಸಕ್ಕೆ ದೂರದ ದೇಶಕ್ಕೇ ಹೋಗಬೇಕೆಂದಿಲ್ಲ. ಶಿವಮೊಗ್ಗದಲ್ಲಿ ರೈಲು ಹತ್ತಿದರೆ ಸಾಕು.

ಒಂದೇ ಮರದಲ್ಲಿ ಎಲೆ ವಯಸ್ಸಿಗೆ ತಕ್ಕಂತೆ ಬದಲಾಗುವುದನ್ನು ನೀವು ಕಂಡಿದ್ದೀರಿ. ಹಲಸಿನ ಸಸಿಯ ಎಲೆ ಸೀಳಿರುತ್ತದೆ, ದೊಡ್ಡ ಮರದ ಎಲೆ ಅಖಂಡ. ಕೊಟ್ಟೆ ಕಟ್ಟಲು ಸಸಿಯ ಎಲೆ ಯಾರೂ ಕೊಯ್ಯುವುದಿಲ್ಲ. ನಮ್ಮ ಗುಡ್ಡಗಳಲ್ಲಿ ತುಂಬಿಹೋಗಿರುವ ಅಕೇಶಿಯಾದಲ್ಲಿ ಇದು ಇನ್ನೂ ಸ್ಪಷ್ಟ. ನಾಳೆ ನೆಡುತೋಪಿನ ಕಡೆ ಹೋದರೆ ಬಗ್ಗಿ ನೋಡಿ. ಈಗತಾನೆ ಎದ್ದ ಸಸಿಯಲ್ಲಿ ಸೀಗೆಯ ಥರ ಪುಟ್ಟ ಪುಟ್ಟ ಕಿರುಎಲೆಗಳು. ನಾಲ್ಕೈದು ಎಲೆ ಆದ ಮೇಲೆ ಕುಡುಗೋಲಿನ ಆಕಾರದ ಒಂಟಿ ಎಲೆ. ಅದು ಎಲೆಯೂ ಅಲ್ಲ, ಚಪ್ಪಟೆಯಾದ ತೊಟ್ಟು. ಈ ಬದಲಾವಣೆ ನಡೆಸುವುದು ಎಂಐಆರ್ 156 ಎಂಬ ಇನ್ನೊಂದು ಪುಟ್ಟ ಆರ್‌ಎನ್‌ಎ. ಸಸಿಯಲ್ಲಿ ಅದು ಜಾಸ್ತಿ, ವಯಸ್ಸಾಗುತ್ತಾ ಕಮ್ಮಿ. ಅದು ಇರುವ ತನಕ ದೊಡ್ಡವರ ಎಲೆ ಮಾಡಿಸುವ ಜೀನ್‌ಗಳಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅಕೇಶಿಯಾದಲ್ಲೂ ಹೀಗೇ ಎಂದು 2011ರಲ್ಲಿ ಅಳೆದು ತೋರಿಸಿದರು. ಎಲೆಗಳು ತಯಾರಿಸುವ ಸಕ್ಕರೆಯೇ ಅದನ್ನು ಕಮ್ಮಿ ಮಾಡುವ ಒಂದು ಕಾರಣ ಎಂಬುದು ಎರಡು ವರ್ಷದ ಮೇಲೆ ಗೊತ್ತಾಯಿತು. ಹೊಟ್ಟೆ ತುಂಬಿದ ಸಸಿ ದೊಡ್ಡದಾಗುತ್ತದೆ, ಅಷ್ಟೆ.

ಇನ್ನು ಬೀಜದೊಳಗೆ ಹೋಗೋಣ. ನೆನೆಸಿದ ಅವರೆಕಾಳನ್ನು ಹಿಸುಕಿ ಬೇಳೆ ಬಿಡಿಸಿದಾಗ ಮೂಲೆಯಲ್ಲಿ ಕೊಕ್ಕಿನಂಥದ್ದು ಕಾಣುತ್ತದೆ. ಅದರಲ್ಲಿ ಕೆಳಗೆ ಬೇರು, ಮೇಲೆ ಕುಡಿ. ಬೇಳೆ ಎರಡೂ ಆ ಭ್ರೂಣದ ಎಲೆಗಳೇ. ನಾವು ದಿನಾ ಸಾರು ಮಾಡುವ ತೊಗರಿ ಬೇಳೆ ಅಂದರೆ ಊಟ ತುಂಬಿಕೊಂಡು ಕೂತ ಎಲೆ.

ಈ ಭ್ರೂಣ ಒಂದು ಕೋಶದಿಂದ ಶುರು. ಅರಬಿಡಾಪ್ಸಿಸ್‌ನಲ್ಲಿ ಮೊದಲ ಸಲ ಒಡೆಯುವಾಗಲೇ ಅದು ಸಮನಾಗಿ ಒಡೆಯುವುದಿಲ್ಲ. ಮೇಲೆ ಚಿಕ್ಕದು, ಕೆಳಗೆ ಉದ್ದದ್ದು. ಮೇಲಿನದು ಹೆಚ್ಚು ಕಮ್ಮಿ ಇಡೀ ಗಿಡವಾಗುತ್ತದೆ. ಕೆಳಗಿನದು ಭ್ರೂಣಕ್ಕೆ ತೊಟ್ಟಿನಂತಾಗಿ, ಬೇರಿನ ತುದಿಗೆ ಸ್ವಲ್ಪ ಕೊಟ್ಟು ಮುಗಿಯುತ್ತದೆ. 1991ರಲ್ಲಿ ಜರ್ಮನಿಯ ಗೆರ್ಡ್ ಯೂರ್ಗೆನ್ಸ್ ತಂಡ ಸಾವಿರಾರು ಸಸಿಗಳನ್ನು ನೋಡಿ ಬೇರೇ ಇಲ್ಲದ್ದು, ಮೇಲ್ಭಾಗ ಇಲ್ಲದ್ದು, ಎರಡೂ ಇಲ್ಲದೆ ಚೆಂಡಿನಂತಾದದ್ದು, ಹೀಗೆ ಆರಿಸಿ ತೆಗೆಯಿತು. ಅಲ್ಲಿಂದಲೇ ಭ್ರೂಣದ ಜೀನ್‌ಗಳ ಬೆನ್ನು ಹತ್ತಿದ್ದು.

ಅವೆಲ್ಲದರಲ್ಲಿ ನನ್ನನ್ನು ಕಾಡುವುದು ಆಮೇಲೆ ಸಿಕ್ಕ ಟಾಪ್‌ಲೆಸ್, ಅಂದರೆ ತಲೆ ಇಲ್ಲದ್ದು, ಎಂಬ ಊನ. ಇದರ ಭ್ರೂಣಗಳನ್ನು 29 ಡಿಗ್ರಿ ಬಿಸಿಯಲ್ಲಿ ಬೆಳೆಸಿದರೆ ಕುಡಿ ಇರಬೇಕಾದ ಕಡೆಯೂ ಬೇರು ಬರುತ್ತದೆ. ಎರಡು ತುದಿಗೂ ಬೇರು! ಟಾಪ್‌ಲೆಸ್ ಪ್ರೋಟೀನಿನ ಕೆಲಸ ತಲೆ ಕಟ್ಟುವುದಲ್ಲ. ಭ್ರೂಣದ ಮೇಲರ್ಧದಲ್ಲಿ ಬೇರಿನ ಜೀನ್‌ಗಳನ್ನು ಸುಮ್ಮನಿರಿಸುವುದು. ತಲೆಯಾಗಬೇಕಾದರೂ ಮೊದಲು ಯಾರೋ ಸುಮ್ಮನಿರಬೇಕು ನೋಡಿ.

ಭ್ರೂಣ ಬೆಳೆಯುವಾಗ ಯಜಮಾನಿಕೆ ಲೀಫಿ ಕಾಟಿಲೆಡನ್ ಎಂಬ ಜೀನಿನದ್ದು. ಚಿಕ್ಕದಾಗಿ ಎಲ್‌ಇಸಿ1. ಅದು ಕೆಟ್ಟರೆ ಬೀಜದೆಲೆಗಳು ಮಾಮೂಲಿ ಎಲೆಯ ಲಕ್ಷಣ ತೋರಿಸುತ್ತವೆ. 1998ರಲ್ಲಿ ಇದನ್ನೇ ಬೆಳೆದ ಗಿಡದಲ್ಲಿ ಬಲವಂತವಾಗಿ ನಡೆಸಿದರು. ಎಲೆಗಳ ಮೇಲೆ ಭ್ರೂಣದಂಥವು ಎದ್ದವು. ಹಾಗಾಗಿ ಮೊಳಕೆಯೊಡೆದ ಮೇಲೆ ಈ ತೂಬನ್ನು ಭದ್ರವಾಗಿ ಮುಚ್ಚಲೇಬೇಕು. ಮುಚ್ಚುವವರಲ್ಲಿ ಒಬ್ಬರ ಹೆಸರು ಪಿಕಲ್, ಅಂದರೆ ಉಪ್ಪಿನಕಾಯಿ. ಅಪ್ಪೆಮಿಡಿಯ ಸೀಮೆಯಲ್ಲಿ ಇದನ್ನು ಹೇಳದೆ ಹೋಗಲಾರೆ. ಆ ಜೀನ್ ಕೆಟ್ಟಾಗ ಸಸಿಯ ಬೇರು ಊದಿ, ಹಸಿರಾಗಿ, ಉಪ್ಪಿಗೆ ಹಾಕಿದ ಮಿಡಿ ಸೌತೆಯ ಹಾಗೆ ಕಾಣುತ್ತದೆ. ಆ ಬೇರು ತಾನಿನ್ನೂ ಬೀಜದೊಳಗೇ ಇದ್ದೇನೆ ಎಂಬಂತೆ ಎಣ್ಣೆ ತುಂಬಿಕೊಳ್ಳುತ್ತದೆ. ಕತ್ತರಿಸಿ ಇಟ್ಟರೆ ಅದರಿಂದ ಹೊಸ ಭ್ರೂಣಗಳೂ ಏಳುತ್ತವೆ.

ಭ್ರೂಣದ ತೂಬು ಬೇರೆ ಕಡೆಯೂ ತೆರೆಯುವುದು ನಮ್ಮ ತೋಟಗಳಲ್ಲೇ ಇದೆ. ಕೊಡಗಿನ ಕಿತ್ತಳೆಯ ಒಂದು ಬೀಜ ಹಾಕಿದರೆ ಎರಡು ಮೂರು ಸಸಿ ಏಳುತ್ತವೆ. ಪರಾಗದಿಂದ ಆದದ್ದು ಅದರಲ್ಲಿ ಒಂದಿರಬಹುದು. ಉಳಿದವು ತಾಯಿಯ ಅಂಗಾಂಶದಿಂದಲೇ ಎದ್ದವು, ತಾಯಿಯ ಪಡಿಯಚ್ಚು. ಒಲೂರಿನಂಥ ಪಶ್ಚಿಮ ಕರಾವಳಿಯ ಮಾವುಗಳಲ್ಲೂ ಹೀಗೇ. ಕಿತ್ತಳೆ ಜಾತಿಯಲ್ಲಿ ಇದಕ್ಕೆ ಕಾರಣವಾದ ಜೀನ್ 2017ರಲ್ಲಿ ಸಿಕ್ಕಿತು. ಅದರ ಪಕ್ಕದಲ್ಲಿ ಒಂದು ಜಿಗಿಯುವ ಡಿಎನ್‌ಎ ತುಂಡು ಬಂದು ಕೂತಿದೆ. ಭತ್ತದಲ್ಲಿ ಇನ್ನೊಂದು ಸಂಗತಿ. ಬೇಬಿ ಬೂಮ್ ಎಂಬ ಜೀನ್ ಅಂಡದಲ್ಲಿ ಸುಮ್ಮನಿರುತ್ತದೆ. ಪರಾಗದ ಕಡೆಯಿಂದ ಬಂದ ಅದೇ ಜೀನಿನ ಪ್ರತಿ ಎದ್ದು ಭ್ರೂಣ ಶುರು ಮಾಡಿಸುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡ ಅದನ್ನು ಅಂಡದಲ್ಲೇ ನಡೆಯುವಂತೆ ಮಾಡಿತು. ಜತೆಗೆ ಜೀನ್‌ಗಳನ್ನು ಕಲಸುವ ಕೋಶವಿಭಜನೆಯನ್ನೂ ತಪ್ಪಿಸಿತು. ತಾಯಿಯ ಪಡಿಯಚ್ಚಾದ ಭತ್ತ ಬೀಜದಿಂದಲೇ ಬಂತು. 2019ರ ಮಾತು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳುವ ರೈತನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಾನು ವಿವರಿಸಬೇಕಾಗಿಲ್ಲ.

ಹಿರಿಯರೊಬ್ಬರು ಎದ್ದು ಕೇಳಿದರು: “ಮೇಷ್ಟ್ರೇ, ಒಳ್ಳೆ ಅಡಿಕೆ ಮರದ್ದೂ ಹೀಗೇ ಪಡಿಯಚ್ಚು ಮಾಡ್ಲಿಕ್ಕೆ ಆಗುತ್ತಾ?”

ಆಗುತ್ತದೆ ಗೌಡ್ರೇ. ಅಡಿಕೆಗೆ ಕಸಿ ಕಟ್ಟುವ ಹಾಗಿಲ್ಲ, ಗೋಟಿನಿಂದ ಬಂದ ಸಸಿ ತಾಯಿಯ ಹಾಗೇ ಇರುತ್ತದೆ ಅನ್ನುವ ಹಾಗೂ ಇಲ್ಲ. ಕಾಸರಗೋಡಿನ ಸಿಪಿಸಿಆರ್‌ಐನವರು, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಎಳೆ ಸಿಂಗಾರದ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಹಾರ್ಮೋನಿನ ಮೇಲೆ ಬೆಳೆಸಿ, ಅವುಗಳಿಂದ ಭ್ರೂಣ ಎಬ್ಬಿಸಿ ಸಸಿ ಮಾಡುವ ವಿಧಾನ ರೂಪಿಸಿದ್ದಾರೆ. ಮುಚ್ಚಿದ್ದ ಭ್ರೂಣದ ತೂಬನ್ನು ಅಲ್ಲಿ ಹೊರಗಿನಿಂದ ತೆಗೆಸುತ್ತಾರೆ. ಕಾಡುಬಸಳೆ ಆಡುತ್ತಾ ಮಾಡುವುದಕ್ಕೆ ನಮಗೆ ಪ್ರಯೋಗಾಲಯ ಬೇಕು.

ಕಾಡುಬಸಳೆ ಮಡಗಾಸ್ಕರ್ ಕಡೆಯ ಗಿಡ. ಅದಕ್ಕೆ ಉದ್ದ ಎಲೆಯ ಒಬ್ಬ ನೆಂಟ ಇದ್ದಾನೆ, ಪೇಟೆಯಲ್ಲಿ ಕುಂಡದಲ್ಲಿ ಇಟ್ಟಿರುತ್ತಾರೆ. ಅದು ಎಲೆ ಗಿಡದಲ್ಲೇ ಇರುವಾಗಲೂ ಅಂಚಿನ ತುಂಬ ಮರಿ ಹಾಕುತ್ತದೆ. ನೀಲಿಮಾ ಸಿನ್ಹಾ ಅವರ ತಂಡ 2007ರಲ್ಲಿ ಈ ಕುಲದ ಹಲವು ಜಾತಿಗಳನ್ನು ಪರೀಕ್ಷಿಸಿತು. ಎಲೆಯಲ್ಲಿ ಸುಮ್ಮನಿರಬೇಕಾದ ಎಸ್‌ಟಿಎಂ, ಮರಿ ಏಳುವ ಅಂಚಿನಲ್ಲಿ ಎದ್ದಿತ್ತು. ಆ ಉದ್ದ ಎಲೆಯ ಗಿಡದಲ್ಲಿ ಅದನ್ನು ಅಡಗಿಸಿದರೆ ಮರಿಯೇ ಬರಲಿಲ್ಲ. ಅಂಥ ಗಿಡಗಳಲ್ಲಿ ಎಲ್‌ಇಸಿ1 ಕೂಡ ಎಲೆಯಲ್ಲಿ ಕೆಲಸ ಮಾಡುತ್ತದೆ, ಆದರೆ ತುಂಡಾಗಿದೆ. ಹಾಗಾಗಿ ಅವುಗಳ ಬೀಜ ಹುಟ್ಟುವುದಿಲ್ಲ. ಬೀಜದ ಕೆಲಸ ಎಲೆಗೆ ಬಂದಿದೆ. ಕಿತ್ತ ಮೇಲೆ ಮಾತ್ರ ಮರಿ ಹಾಕುವ ನಮ್ಮ ಕಾಡುಬಸಳೆಯಂಥವುಗಳಲ್ಲಿ ಎಲ್‌ಇಸಿ1 ಸರಿಯಾಗಿದೆ, ಅವು ಬೀಜವನ್ನೂ ಕಟ್ಟುತ್ತವೆ.

ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: “ಕೀಳದಿದ್ರೆ ಯಾಕೆ ಬರಲ್ಲ ಸಾರ್?”

ಇದನ್ನೇ ನ್ಯೂಯಾರ್ಕಿನ ಜಾಕ್ಸ್ ಲೋಬ್ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆ ಕೇಳಿಕೊಂಡರು ಮಗಳೇ. ಇದೇ ಕಾಡುಬಸಳೆಯ ಎಲೆ ತೂಕ ಮಾಡುತ್ತಾ ವರ್ಷಗಟ್ಟಲೆ ಕೂತರು. ಎಲೆ ಎಷ್ಟು ದೊಡ್ಡದೋ ಅದರ ಮರಿಗಳ ಒಟ್ಟು ತೂಕವೂ ಆ ಲೆಕ್ಕದಲ್ಲೇ ಬಂತು. ಎಲೆಯನ್ನು ಕಾಂಡದ ಒಂದು ತುಂಡಿನ ಜತೆ ಬಿಟ್ಟರೆ ಅಂಚಿನ ಮರಿಗಳು ಅಡಗಿದವು, ಇಲ್ಲವೇ ತುಂಬ ಕಮ್ಮಿಯಾದವು. ಎಲೆ ತಯಾರಿಸಿದ್ದು ಕಾಂಡಕ್ಕೆ ಹರಿದುಹೋಗುವ ತನಕ ಅಂಚಿಗೆ ಏನೂ ಉಳಿಯುವುದಿಲ್ಲ ಎಂದು ಅವರು ತಿಳಿದರು.

ಇವತ್ತು ಮನೆಗೆ ಹೋಗಿ ಒಂದೇ ಅಳತೆಯ ಎರಡು ಎಲೆ ತಗೊ. ಒಂದು ಬರೀ ಎಲೆ, ಇನ್ನೊಂದು ಎರಡು ಇಂಚು ಕಾಂಡದ ಜತೆ. ಎರಡನ್ನೂ ಒಂದೇ ಗೋಡೆಗೆ ತೂಗಿ, ಯಾವ ದಿನ ಯಾವುದರಲ್ಲಿ ಎಷ್ಟು ಮರಿ ಅಂತ ನೋಟ್‌ಬುಕ್ಕಿನಲ್ಲಿ ಬರಿ. ಮುಂದಿನ ತಿಂಗಳು ಇದೇ ದಾರಿಯಲ್ಲಿ ಬರುವವನಿದ್ದೇನೆ, ತೋರಿಸು.